ಗುಂಡುಕಲ್ಲಿನ ಒಳಗೆ

ಹತ್ತನೆಯ ದಿನದ ಕರ್ಮಕ್ಕೆ ನಾವು ನಾಸಿಕದ ರಾಮಕುಂಡಕ್ಕೆ ಹೋದಾಗ ಬಿಸಿಲು ಇನ್ನೂ ಎಳೆಯದಾಗಿತ್ತು. ಮಾಘ ಮಾಸದ ಗೋದಾವರಿ ತಣ್ಣಗಿದ್ದಳು. ನನ್ನ ತಮ್ಮ ಸುಧಾಕರನ ಪಿಂಡವನ್ನು ಬಾಳೆಲೆಯ ತುಂಡಿನ ಮೇಲಿಟ್ಟು, ಕಟ್ಟೆಯ ಮೇಲಿರಿಸಿ, ನಾನು ಹಿಂದೆ ಸರಿದು ಕೈಮುಗಿದು ನಿಂತೆ. ಎದುರಿನ ಅರಳಿಮರದ ತುಂಬ ಕಾಗೆಗಳಿದ್ದವು. ಒಂದೂ ಕೆಳಗಿಳಿಯಲಿಲ್ಲ.

ತಮ್ಮನ ಕರ್ಮವನ್ನು ಅಣ್ಣ ಮಾಡುವುದು ಕ್ರಮವಲ್ಲ. ಆದರೆ ಅವನು ಮದುವೆಯಾಗಿರಲಿಲ್ಲ, ನನಗೆ ಇರುವವರು ಹೆಣ್ಣುಮಕ್ಕಳು. ಮಾಡುವವರು ಬೇರೆ ಯಾರೂ ಇರಲಿಲ್ಲ. ಅವನ ಉಪನಯನಕ್ಕೆ ತಂದೆಯ ಸ್ಥಾನದಲ್ಲಿ ಕುಳಿತವನು ನಾನು. ಈಗ ಮಗನ ಸ್ಥಾನದಲ್ಲಿಯೂ ನಾನೇ ನಿಂತಿದ್ದೆ. ದೇವರು ಒಬ್ಬನಿಂದಲೇ ಎರಡೂ ಕೆಲಸವನ್ನು ಏಕೆ ಮಾಡಿಸಿದನೋ ತಿಳಿಯದು.

ಕಾಗೆಯ ವಿಷಯದಲ್ಲಿ ನಮ್ಮ ಸಾಲಿಗ್ರಾಮದ ಕಡೆಯವರಿಗೂ ನಾಸಿಕದವರಿಗೂ ನಂಬಿಕೆ ಒಂದೇ. ಕಾಗೆ ಪಿಂಡವನ್ನು ಮುಟ್ಟಿದರೆ ಸತ್ತವನು ತೃಪ್ತನಾಗಿ ಹೊರಟನೆಂದು ಅರ್ಥ. ಮುಟ್ಟದಿದ್ದರೆ ಅವನಿಗೆ ಏನೋ ಒಂದು ಆಸೆ ಉಳಿದಿದೆ. ಉಳಿದವರು ಆ ಆಸೆ ಯಾವುದೆಂದು ಬಾಯಿಬಿಟ್ಟು ಹೇಳಿ, ಪೂರೈಸುತ್ತೇವೆಂದು ಮಾತು ಕೊಡಬೇಕು. ನಮ್ಮ ಹೋಟೆಲು ಪಂಚವಟಿಯ ಸಮೀಪದಲ್ಲಿಯೇ ಇರುವುದರಿಂದ ಇದನ್ನೆಲ್ಲ ನಾನು ಬಹಳ ವರ್ಷ ನೋಡಿದ್ದೇನೆ. ಮಗಳ ಮದುವೆ ಮಾಡುತ್ತೇವೆ ಎನ್ನುತ್ತಾರೆ, ಕಾಗೆ ಇಳಿಯುತ್ತದೆ. ಅಣ್ಣತಮ್ಮಂದಿರು ಜಗಳ ಬಿಡುತ್ತೇವೆ ಎನ್ನುತ್ತಾರೆ, ಕಾಗೆ ಇಳಿಯುತ್ತದೆ. ಅದು ಕಷ್ಟದ ಕೆಲಸವೆಂದು ನನಗೆ ಎಂದೂ ತೋರಿರಲಿಲ್ಲ.

"ಅಣ್ಣಾ, ಕಾವಳಾ ಶಿವತ್ ನಾಹೀ," ಎಂದರು ಪುರೋಹಿತರಾದ ಗುರುಜಿ. ಅವರು ಮರಾಠಿಯವರು. ಕಾಗೆ ಮುಟ್ಟುತ್ತಿಲ್ಲವೆಂಬುದು ನನ್ನ ಕಣ್ಣಿಗೇ ಕಾಣುತ್ತಿತ್ತು. ಹೋಟೆಲಿನವರ ಸಹವಾಸದಿಂದ ಕಲಿತ ಕನ್ನಡದಲ್ಲಿ ಅವರೇ ಮುಂದುವರಿಸಿದರು: "ಅವರದು ಇಚ್ಛಾ ಏನಿತ್ತು? ಬೋಲಾ. ಜೋರಾಗಿ ಹೇಳಿ."

ನಾನು ಬಾಯಿ ತೆರೆದೆ. ನನ್ನ ತಮ್ಮನ ಆಸೆ ಏನೆಂದು ನನಗೆ ಗೊತ್ತಿರಲಿಲ್ಲ.

ಸುಧಾಕರ ಗಣಿತಭೌತಶಾಸ್ತ್ರಜ್ಞನಾಗಿದ್ದ. ಆ ಮಾತನ್ನು ತೊದಲದೆ ಹೇಳಲು ಕಲಿಯುವುದಕ್ಕೇ ನನಗೆ ಕೆಲವು ವರ್ಷ ಹಿಡಿಯಿತು. ನೀನು ಗಣಿತದವನೋ ಭೌತಶಾಸ್ತ್ರದವನೋ ಎಂದು ಕೇಳಿದರೆ, "ಎರಡು ಮನೆಗೆ ಒಂದೇ ಜಗಲಿ ಅಣ್ಣಯ್ಯ, ನಾನು ಅಲ್ಲಿ ಕೂತವ" ಎನ್ನುತ್ತಿದ್ದ. ಊರಿನಲ್ಲಿ ತಂದೆತಾಯಿಗಳು ಒಬ್ಬರ ಹಿಂದೆ ಒಬ್ಬರು ತೀರಿಕೊಂಡಾಗ ಅವನು ಚಿಕ್ಕವನು. ನಾನು ಆಗಲೇ ನಾಸಿಕಕ್ಕೆ ಬಂದು ಒಬ್ಬರ ಹೋಟೆಲಿನಲ್ಲಿ ಹಿಟ್ಟು ರುಬ್ಬುತ್ತಿದ್ದೆ. ಅವನನ್ನೂ ಕರೆತಂದು ಮರಾಠಿ ಶಾಲೆಗೆ ಹಾಕಿದೆ. ಒರಳಿನ ಪಕ್ಕದಲ್ಲಿ ಕುಳಿತು ಪಾಠ ಓದುತ್ತಿದ್ದ. ಅಲ್ಲಿಂದ ಪುಣೆಯ ಕಾಲೇಜು, ಪುಣೆಯಿಂದ ವಿದ್ಯಾರ್ಥಿವೇತನದ ಮೇಲೆ ಇಂಗ್ಲೆಂಡು. ಹಿಂದಿರುಗಿದ ಮೇಲೆ ಮುಂಬಯಿಯಲ್ಲಿ ದೊಡ್ಡ ಸಂಶೋಧನಾಲಯದಲ್ಲಿ ಕೆಲಸ. ಅಷ್ಟು ಹೊತ್ತಿಗೆ ನಾನೂ ಸ್ವಂತ ಹೋಟೆಲು ಇಟ್ಟಿದ್ದೆ. ಗಲ್ಲೆಯ ಮೇಲೆ ಗುರುನರಸಿಂಹನ ಪಟವಿತ್ತು. ಪಕ್ಕದಲ್ಲಿ ಕೋಟು ತೊಟ್ಟ ತಮ್ಮನ ಫೋಟೋ ಇತ್ತು. ಗಿರಾಕಿಗಳು ಯಾರೆಂದು ಕೇಳಿದರೆ ಹೇಳುತ್ತಿದ್ದೆ. ಏನು ಮಾಡುತ್ತಾನೆಂದು ಕೇಳಿದರೆ ಚಟ್ನಿ ತರಲು ಒಳಗೆ ಹೋಗುತ್ತಿದ್ದೆ.

ಅವನು ಮಾಡುತ್ತಿದ್ದುದನ್ನು ನನಗೆ ಹೇಳಿರಲಿಲ್ಲವೆಂದಲ್ಲ. ಬಿಡುವು ಸಿಕ್ಕಿದಾಗಲೆಲ್ಲ ನಾಸಿಕಕ್ಕೆ ಬಂದು, ಸ್ನಾನ ಮಾಡಿ, ಪಂಚೆಯುಟ್ಟು, ನಾನು ರುಬ್ಬುವಲ್ಲಿ ಬಂದು ಕೂರುತ್ತಿದ್ದ. ನಾನು ಒಡೆಯನಾದ ಮೇಲೂ ಉದ್ದನ್ನು ರುಬ್ಬುವುದನ್ನು ಬೇರೆಯವರಿಗೆ ಬಿಟ್ಟವನಲ್ಲ. ಅವನು ಒರಳಿನತ್ತ ಬೆರಳು ತೋರಿಸಿ ಹೇಳುತ್ತಿದ್ದ:

"ಕಾಣ್ ಅಣ್ಣಯ್ಯ, ಗುಂಡುಕಲ್ಲು ತಿರುಗ್ತಾ ಇತ್ತ್. ಸುತ್ತ ಇಪ್ಪ ಹಿಟ್ಟನ್ನೂ ಎಳ್ಕಂಡ್ ತಿರುಗಿಸ್ತ್. ಆಕಾಶದಗೆ ತಿರುಗುವ ದೊಡ್ಡ ದೊಡ್ಡ ಗೋಳವೂ ಹಂಗೇ. ಹೊರಗೆ ಹಿಟ್ಟು ಹ್ಯಾಂಗೆ ತಿರುಗತ್ತ್ ಅಂತ ಒಬ್ಬ ಲೆಕ್ಕದಗೆ ಕಂಡುಹಿಡ್ದ. ಕೂದಲಷ್ಟೂ ತಪ್ಪಿಲ್ಲದ ಲೆಕ್ಕ. ಆದ್ರೆ ಗುಂಡಿನ ಒಳಗೆ ಎಂತ ಇದ್ರೆ ಹೊರಗೆ ಹೀಂಗೇ ತಿರುಗತ್ತ್ ಅನ್ನುದು ಯಾರಿಗೂ ಸಿಕ್ಕಲಿಲ್ಲ. ನಂಗೆ ಬೇಕಾದ್ದು ಆ ಒಳಗಿಂದು."

"ಕಲ್ಲಲ್ದೆ ಮತ್ತೆಂತ ಇರತ್ತ್ ಮಾರಾಯಾ?" ಎಂದಿದ್ದೆ ನಾನು.

ಅವನು ನಕ್ಕು ನಕ್ಕು ಕಣ್ಣೊರೆಸಿಕೊಂಡ. "ಕಲ್ಲು ಇಟ್ಟು ಕಂಡೆ. ಹೊಂದ್ತಿಲ್ಲ."

ಅಲ್ಲಿಂದ ಮುಂದೆ ಅವನು ಹೇಳುತ್ತ ಹೋಗುವುದು, ನಾನು ಹೂಂ ಎನ್ನುತ್ತ ಹೋಗುವುದು. ಹಿಟ್ಟು ನುಣ್ಣಗಾಗುವವರೆಗೆ ಹೀಗೇ ನಡೆಯುತ್ತಿತ್ತು. ಅದರಲ್ಲಿ ನನಗೆ ಅರ್ಥವಾದದ್ದು ಇಷ್ಟೇ: ಸುಮಾರಾಗಿ ಹೊಂದುವ ಉತ್ತರಗಳು ಬೇಕಾದಷ್ಟು ಇದ್ದವು, ಇವನಿಗೆ ಸುಮಾರು ಬೇಡವಾಗಿತ್ತು. ಮುಂಬಯಿಯ ಹಿರಿಯರು, ಸುಮಾರಿನದನ್ನು ಇಟ್ಟುಕೊಂಡು ಬೇರೆ ಕೆಲಸ ಹಿಡಿ ಎಂದರು. ಇವನು ಆ ಹುದ್ದೆಯನ್ನೇ ಬಿಟ್ಟು ಔರಂಗಾಬಾದಿನ ಹೊಸ ವಿಶ್ವವಿದ್ಯಾಲಯಕ್ಕೆ ಪಾಠ ಹೇಳಲು ಬಂದ. ಅದು ಅರವತ್ತನಾಲ್ಕು, ಅರವತ್ತೈದನೆಯ ಇಸವಿಯ ಸುಮಾರು.

ಯಾರಿಗೂ ಅದು ಅರ್ಥವಾಗಲಿಲ್ಲ. ನಮ್ಮ ಕಡೆಯವರೇ ಆದ ಜಯಕರ ಶೆಟ್ಟರು ನಾಸಿಕ ರೋಡಿನಲ್ಲಿ ಹೋಟೆಲು ಇಟ್ಟಿದ್ದಾರೆ. ಅವರು ಆಗ ಹೇಳಿದ್ದರು: "ಹ್ವಾಯ್ ಉರಾಳ್ರೆ, ನಿಮ್ ತಮ್ಮ ಗರ್ಭಗುಡಿ ಬಿಟ್ಟ್ ಚಪ್ಪಲಿ ಕಾವಲಿಗೆ ಹೋದಂಗೆ ಆಯ್ತಲೆ!" ನನ್ನ ಹೆಂಡತಿ ಕುಸುಮಾವತಿ ಮಾತ್ರ, ಅಣ್ಣನಿಗೆ ಹತ್ತಿರವಿರಲು ಬಂದಿದ್ದಾನೆ ಎನ್ನುತ್ತಿದ್ದಳು. ನನಗೂ ಹಾಗೆಂದು ನಂಬಲು ಇಷ್ಟವಿತ್ತು. ಒಮ್ಮೆ ಕೇಳಿಯೂ ಬಿಟ್ಟೆ. "ಬಸ್ಸು ಸುಲಭ" ಎಂದ. ಅದು ಹೌದೆಂದೋ ಅಲ್ಲವೆಂದೋ ಈಗಲೂ ತಿಳಿಯದು.

ಒಂದು ಬೇಸಿಗೆಯಲ್ಲಿ ನಾನು ಅವನಲ್ಲಿಗೆ ಹೋಗಿದ್ದೆ. ದೌಲತಾಬಾದ್ ದಾಟಿ ಖುಲ್ತಾಬಾದಿಗೆ ಕರೆದುಕೊಂಡು ಹೋದ. ಅಲ್ಲಿ ಹನುಮಂತ ದೇವರು ಮಲಗಿಕೊಂಡಿದ್ದಾನೆ. ನಿಂತ ಹನುಮಂತನನ್ನು, ಹಾರುವ ಹನುಮಂತನನ್ನು ಕಂಡವನಿಗೆ, ಮಲಗಿದ ಹನುಮಂತನನ್ನು ಕಂಡು ಮೈ ಜುಮ್ಮೆಂದಿತು. ಅಡ್ಡಬಿದ್ದೆ. ಎದ್ದು ನೋಡಿದರೆ ಸುಧಾಕರ ಕಂಬಕ್ಕೆ ಒರಗಿ ನಿಂತು ಸಣ್ಣಗೆ ನಗುತ್ತಿದ್ದ.

"ಎಂತಕೆ ನಗುದು?" ಎಂದು ಗದರಿದೆ.

"ಸುಮ್ಮನೆ ಇಪ್ಪವನ ಒಳಗೆ ಎಂತ ಇತ್ತ್ ಅಂತ ನಂಗೆ ಗೊತ್ತಿತ್ತ್ ಅಣ್ಣಯ್ಯ. ಅದು ಎಂದೋ ಸಿಕ್ಕಿದ ಲೆಕ್ಕ. ತಿರುಗುವವನದ್ದೇ ಕಷ್ಟ."

ದೇವರ ಮುಂದೆ ಇಂಥ ಮಾತೇ ಎಂದು ನನಗೆ ಸಂಕಟವಾಯಿತು. ಅವನು ತೀರ್ಥಕ್ಕೆ ಕೈಯೊಡ್ಡಿದ, ಕಣ್ಣಿಗೆ ಒತ್ತಿಕೊಂಡ, ಕುಡಿದ. ನಂಬುತ್ತೀಯೋ ಎಂದರೆ, "ತೀರ್ಥ ಒಳ್ಳೇದಿತ್ತ್" ಎಂದ. ಇಂಥವನ ಆಸೆ ಏನೆಂದು ನಾನು ಕಾಗೆಗೆ ಹೇಗೆ ಹೇಳಲಿ?

ಇದಕ್ಕೆಲ್ಲ ಮೇಲಾಗಿ ಅವನ ಸಾವು. ಅದು ರಜೆಯ ದಿನವಲ್ಲ. ನನಗೆ ತಿಳಿಸಿಯೂ ಇರಲಿಲ್ಲ. ಬೆಳಿಗ್ಗೆ ಔರಂಗಾಬಾದಿನ ಬಸ್ ಸ್ಟ್ಯಾಂಡಿನಲ್ಲಿ ನಾಸಿಕದ ಬಸ್ಸಿಗೆ ಕಾಯುತ್ತ ಬೆಂಚಿನ ಮೇಲೆ ಕುಳಿತವನು ಹಾಗೆಯೇ ಒರಗಿದನಂತೆ. ಎದೆ ನಿಂತಿತ್ತು. ಕೈಯಲ್ಲಿ ಚೀಲವಿರಲಿಲ್ಲ, ಬದಲಿ ಬಟ್ಟೆ ಇರಲಿಲ್ಲ. ಹೋಗಿ ಒಂದು ಮಾತು ಹೇಳಿ ಸಂಜೆಗೆ ಹಿಂದಿರುಗುವವನ ಹಾಗೆ ಹೊರಟಿದ್ದ. ಏನು ಹೇಳಲು ಹೊರಟಿದ್ದ? ಅಲ್ಲಿಯೇ ಸಂಸ್ಕಾರ ಮುಗಿಸಿ ಅಸ್ಥಿಯನ್ನು ತಂದ ದಿನದಿಂದ ನನ್ನನ್ನು ಕೊರೆಯುತ್ತಿದ್ದುದು ಇದೊಂದೇ.

"ಲಗ್ನ ಆಗಿರಲಿಲ್ಲ ಅಲ್ವಾ?" ಎಂದರು ಗುರುಜಿ. "ಬ್ರಹ್ಮಚಾರಿಗಳದು ಬಹುತೇಕ ಅದೇ ಇರುತ್ತೆ. ಒಂದು ಬಡ ಹುಡುಗಿಯ ಲಗ್ನ ಮಾಡಿಸ್ತೀನಿ ಅಂತ ಹೇಳಿ."

ಹೇಳಿದೆ. ಕಾಗೆಗಳು ಕೊಕ್ಕನ್ನು ಕೊಂಬೆಗೆ ಉಜ್ಜಿಕೊಂಡವು.

ಜಯಕರ ಶೆಟ್ಟರೂ ನಮ್ಮ ಜೊತೆ ಬಂದಿದ್ದರು. ಅವರು ಹೆಗಲ ಚೀಲದಿಂದ ಒಂದು ಪೊಟ್ಟಣ ತೆಗೆದರು. "ಮಾತಲ್ಲಿ ಆಪ್ದಲ್ಲ ಇದು. ಗೋಳಿಬಜೆ ತಂದಿದೆ. ಸುಧಾಕರನಿಗೆ ಇಷ್ಟ ಇತ್ತಲೆ. ಇಡಿ ಕಾಂಬ."

ಎಲೆಯ ಅಂಚಿಗೆ ಒಂದೆರಡು ಗೋಳಿಬಜೆ ಇಟ್ಟೆವು. ಒಂದು ಕಾಗೆ ಕೂಡಲೇ ಇಳಿಯಿತು. ಅದು ಪಿಂಡದ ಸುತ್ತ ಕುಪ್ಪಳಿಸಿ, ಕತ್ತು ಓರೆ ಮಾಡಿ ನೋಡಿ, ಒಂದು ಗೋಳಿಬಜೆಯನ್ನು ಕಚ್ಚಿಕೊಂಡು ಮರಕ್ಕೆ ಹಾರಿತು.

"ಬಂತ್, ಬಂತ್!" ಎಂದರು ಶೆಟ್ಟರು.

"ತೇ ಚಾಲತ್ ನಾಹೀ ಶೇಟ್," ಎಂದರು ಗುರುಜಿ ಖಡಾಖಂಡಿತವಾಗಿ. "ಪಿಂಡ ಮುಟ್ಟಬೇಕು. ಭಜಿ ಮುಟ್ಟಿದರೆ ನಡೆಯೋದಿಲ್ಲ."

"ನಿಮ್ ಕಾಕಿಗೆ ನಮ್ ಹೋಟ್ಲಿನ ರುಚಿ ಹತ್ತಿತ್ ಕಾಣಿ, ಅದಕ್ಕೆ ಅನ್ನ ಬೇಡ," ಎಂದು ಶೆಟ್ಟರು ನನ್ನನ್ನು ನಗಿಸಲು ನೋಡಿದರು. ನನಗೆ ನಗು ಬರಲಿಲ್ಲ. ಗುರುಜಿ ದರ್ಭೆಯ ಎಳೆಗಳನ್ನು ಮಡಿಸಿ, ಗಂಟು ಹಾಕಿ, ಒಂದು ಪುಟ್ಟ ಕಾಗೆಯನ್ನು ಕಟ್ಟತೊಡಗಿದ್ದರು. ನಿಜವಾದ ಕಾಗೆ ಬಾರದಿದ್ದಾಗ ದರ್ಭೆಯ ಕಾಗೆಯಿಂದ ಪಿಂಡವನ್ನು ಮುಟ್ಟಿಸಿ ಮುಗಿಸಬಹುದೆಂದು ಶಾಸ್ತ್ರವಿದೆ. ನಮ್ಮ ಹಿಂದೆ ಬೇರೊಂದು ಮನೆಯವರು ಪಿಂಡ ಹಿಡಿದು ಕಾದಿದ್ದರು.

"ಬೇಡ," ಎಂದೆ. ಸುಮಾರಿನದು ಬೇಡವೆಂದು ಹುದ್ದೆಯನ್ನೇ ಬಿಟ್ಟವನು ಅವನು. ಅವನಿಗೆ ಹುಲ್ಲಿನ ಕಾಗೆಯನ್ನು ತೋರಿಸಿ ಹೋಗೆಂದು ಹೇಗೆ ಹೇಳಲಿ? ಆದರೆ ಎಷ್ಟು ಹೊತ್ತು ಅವನನ್ನು ಇಲ್ಲಿಯೇ ನಿಲ್ಲಿಸಿಕೊಳ್ಳಲಿ? ಗೋದಾವರಿ ತಾಯಿ, ನೀನಾದರೂ ಹೇಳು ಎಂದು ಕಣ್ಣು ಮುಚ್ಚಿದೆ.

ಆ ಹೊತ್ತಿಗೆ ಒಂದು ಸ್ಕೂಟರ್ ಬಂದು ಮೆಟ್ಟಿಲುಗಳ ಮೇಲ್ತುದಿಯಲ್ಲಿ ನಿಂತಿತು. ಓಝರಿನ ವಿಮಾನದ ಕಾರ್ಖಾನೆಯಲ್ಲಿ ಕೆಲಸ ಮಾಡುವ ಬಾಗಲಕೋಟೆಯ ಮನ್ಮಥಪ್ಪನವರು ತಮ್ಮ ಮಗಳು ವೇದಾವತಿಯನ್ನು ಕರೆತಂದಿದ್ದರು. ಆ ಹುಡುಗಿ ಔರಂಗಾಬಾದಿನಲ್ಲಿ ಸುಧಾಕರನ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದಳು. ನನ್ನ ಕಾಲಿಗೆ ನಮಸ್ಕರಿಸಿ ಎದ್ದಾಗ ಅವಳ ಕಣ್ಣುಗಳು ಕೆಂಪಾಗಿದ್ದವು.

ನಡೆದುದನ್ನೆಲ್ಲ ಶೆಟ್ಟರು ಹೇಳಿದರು. ನಾನು ಕೇಳಿದೆ: "ನಿನಗೆ ಗೊತ್ತಿದ್ದರೆ ಹೇಳು ತಾಯಿ. ಅವನಿಗೆ ಏನು ಬೇಕಿತ್ತು? ನಾಸಿಕಕ್ಕೆ ಯಾಕೆ ಹೊರಟಿದ್ದ?"

"ನನಗ ಪೂರಾ ಗೊತ್ತಿಲ್ಲರಿ," ಎಂದಳು. "ಹಿಂದಿನ ದಿವಸ ಸರ್ ಬೋರ್ಡಿನ ಮುಂದ ಭಾಳ ಹೊತ್ತು ನಿಂತಿದ್ರು. ಆಮ್ಯಾಲೆ ಎಲ್ಲಾ ಒರಸಿಬಿಟ್ರು. ಒರಸಿ, 'ವೇದಾ, ನಾಳೆ ನಾನು ನಾಸಿಕ್‌ಗೆ ಹೋಗಿ ಅಣ್ಣಗ ಹೇಳಿ ಬರ್ತೀನಿ' ಅಂದ್ರು."

"ಏನೆಂದು?"

"ಅದs ಹೇಳಲಿಲ್ಲರಿ."

"ಸಿಕ್ಕಿತ್ತೇ ಅವನಿಗೆ? ಒಳಗಿನದು?"

ಅವಳು ತಲೆಯಲ್ಲಾಡಿಸಿದಳು. "ಸಿಕ್ಕಿತ್ತೋ, ಸಿಗೂದಿಲ್ಲ ಅಂತ ಖಾತ್ರಿ ಆಗಿತ್ತೋ ತಿಳೀಲಿಲ್ಲರಿ. ಎರಡಕ್ಕೂ ಸರ್ ಹಂಗs ನಗ್ತಿದ್ರು."

ನಾನು ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಸಿಕ್ಕಿದ್ದರೆ ಆಸೆ ತೀರಿತ್ತು, ಕಾಗೆ ಬರಬೇಕಾಗಿತ್ತು. ಸಿಕ್ಕದಿದ್ದರೆ ಅದನ್ನು ಪೂರೈಸುತ್ತೇನೆಂದು ಹೋಟೆಲಿನವನಾದ ನಾನು ಯಾವ ಬಾಯಿಂದ ಮಾತು ಕೊಡಲಿ?

"ಆದರೂ ಯಾಕೆ ನನಗೆ ಹೇಳಲು ಬರುತ್ತಿದ್ದ?" ಎಂದೆ. "ನನಗೆ ಅದರ ಒಂದು ಅಕ್ಷರವೂ ತಿಳಿಯದು."

"ಸರ್ ಯಾವಾಗಲೂ ಹೇಳ್ತಿದ್ರಿ," ಎಂದಳು ವೇದಾವತಿ. "ಮುಂಬೈಯೊಳಗ, ಇಂಗ್ಲೆಂಡಿನಾಗ, ಎಲ್ಲಾರೂ ಅರ್ಧಕ್ಕs ತಡದು ನಿಲ್ಲಸ್ತಾರ. ನಾಸಿಕ್‌ನ್ಯಾಗ ಒಬ್ಬಾಂವ ಅದಾನ, ಕೊನೀತನಕಾ ಕೇಳ್ತಾನ. ಅಂವಗ ಹೇಳಕೋತ ಹೋದ್ರ ನನ್ನ ತಪ್ಪು ನನಗs ಕಾಣ್ತದ ಅಂತ."

"ಹೂಂ ಅಂದ್ಕಂಡೇ ಉರಾಳ್ರು ನಿದ್ದಿ ಮಾಡುದು ಅವನಿಗೆ ಗೊತ್ತಿರ್ಲಿಲ್ಲ ಕಾಂತ್!" ಎಂದರು ಶೆಟ್ಟರು.

"ಅದೂ ಗೊತ್ತಿತ್ರಿ. ಹಿಟ್ಟಿನ ಸಪ್ಪಳ ನಿಂತ್ರ ಅಣ್ಣ ಮಲಗ್ಯಾನ ಅಂತ, ಆಗ ಸರ್ ಸುಮ್ಮನ ಕೂಡ್ತಿದ್ರಂತ."

ಅದು ಹೊಗಳಿಕೆಯೋ ಹಾಸ್ಯವೋ ನನಗೆ ತಿಳಿಯಲಿಲ್ಲ. ಇಷ್ಟು ದಿನ ಬಾರದಿದ್ದ ಅಳು ಅಲ್ಲಿಯೇ ಬಂದಿತು. ಮನ್ಮಥಪ್ಪನವರು ಬೆನ್ನ ಮೇಲೆ ಕೈಯಿಟ್ಟರು. ಗುರುಜಿ ದರ್ಭೆಯ ಕಾಗೆಯನ್ನು ನನ್ನ ಮುಂದೆ ಹಿಡಿದರು.

"ಇದನ್ನು ಮುಟ್ಟಿಸಿದರೆ ಅವನು ಒಪ್ಪುತ್ತಿದ್ದನೇ?" ಎಂದು ಹುಡುಗಿಯನ್ನು ಕೇಳಿದೆ.

ಅವಳು ಅದನ್ನು ತಿರುಗಿಸಿ ನೋಡಿದಳು. "ಖರೇ ಕಾಗೀಗೆ ಇದು ಎಷ್ಟು ಸಮೀಪ ಬರ್ತದ ಅಂತ ಮೊದಲ ಕೇಳ್ತಿದ್ರಿ."

"ನಮ್ಮ ಫ್ಯಾಕ್ಟರಿಯೊಳಗ ಯಾವುದೂ ಪೂರಾ ಬರೋಬ್ಬರಿ ಇರೂದಿಲ್ಲರಿ," ಎಂದರು ಮನ್ಮಥಪ್ಪ. "ಇಷ್ಟು ಹೆಚ್ಚುಕಡಿಮಿ ಆದ್ರ ನಡೀತದ ಅಂತ ಮೊದಲs ಬರದಿರ್ತಾರ. ಅಷ್ಟರಾಗ ವಿಮಾನ ಹಾರ್ತದ."

"ಬಾಬಾ, ಸರ್ ಮುಂದ ಇದನ್ನ ಅಂದಿದ್ರ ನಿಮ್ಮನ್ನ ಹೊರಗ ಹಾಕ್ತಿದ್ರು," ಎಂದಳು ಮಗಳು. ಅಳುತ್ತಲೇ ನಕ್ಕಳು.

ಆಗ ನನಗೆ ಒಂದು ತೋಚಿತು. ಸರಿಯೋ ತಪ್ಪೋ ಈಗಲೂ ಗೊತ್ತಿಲ್ಲ. "ಮಗೂ," ಎಂದೆ, "ಅವನು ಬಂದಿದ್ದರೆ ನನಗೆ ಏನನ್ನೋ ಹೇಳುತ್ತಿದ್ದ. ಅದನ್ನು ನೀನು ಹೇಳು. ನಿನಗೆ ಗೊತ್ತಿದ್ದಷ್ಟು, ಎಲ್ಲಿಗೆ ನಿಂತಿತೋ ಅಲ್ಲಿಯವರೆಗೆ. ನಾನು ಕೇಳುತ್ತೇನೆ."

"ಇಲ್ಲೇನ್ರಿ?"

"ಇಲ್ಲಿಯೇ."

ಗುರುಜಿ ಸೂರ್ಯನನ್ನು ನೋಡಿದರು, ಹಿಂದೆ ಕಾದವರನ್ನು ನೋಡಿದರು, ನನ್ನ ಮುಖವನ್ನು ನೋಡಿ ದರ್ಭೆಯ ಕಾಗೆಯನ್ನು ಅವಳ ಕೈಯಿಂದ ಹಿಂದಕ್ಕೆ ತೆಗೆದುಕೊಂಡರು. ವೇದಾವತಿ ಮೆಟ್ಟಿಲಿನ ಒಣಕಲ್ಲಿನ ಮುಂದೆ ಕುಳಿತು, ಕುಂಡದ ನೀರಿನಲ್ಲಿ ಬೆರಳನ್ನದ್ದಿ, ಕಲ್ಲಿನ ಮೇಲೆ ಒಂದು ಚಪ್ಪಟೆಯಾದ ಗುಂಡನ್ನು ಬರೆದಳು. ಅದರ ಸುತ್ತ ಗೆರೆಗಳನ್ನೆಳೆದಳು. ನಾನು ಎದುರಿಗೆ ಕುಳಿತೆ.

"ಇದು ತಿರುಗ್ತದ್ರಿ."

"ಹೂಂ," ಎಂದೆ.

"ಹೊರಗಿಂದು ಇದು. ಇದು ನಮಗ ಗೊತ್ತದ."

"ಹೂಂ."

"ಒಳಗ ಏನ ಇಟ್ರೂ ಈ ಅಂಚಿಗೆ ಬಂದಾಗ ಹೊರಗಿಂದಕ್ಕ ಕೂಡಬೇಕು. ಹೊಲಿಗಿ ಕಾಣಬಾರದು."

"ಹೂಂ."

ಅವಳು ಬರೆದಂತೆ ಬಿಸಿಲಿಗೆ ಗೆರೆಗಳು ಆರುತ್ತಿದ್ದವು. ಮತ್ತೆ ನೀರಿನಲ್ಲಿ ಬೆರಳನ್ನದ್ದಿ ತೀಡುತ್ತಿದ್ದಳು. ಮೊದಲು ಕನ್ನಡದಲ್ಲಿ ಹೇಳಿದಳು, ಆಮೇಲೆ ಮರಾಠಿ ಬೆರೆಯಿತು, ಆಮೇಲೆ ಇಂಗ್ಲಿಷು. ಕಡೆಗೆ ಬರೀ ಚಿಹ್ನೆಗಳು. ನನಗೆ ಏನೂ ತಿಳಿಯಲಿಲ್ಲ. ಆದರೆ ಸುಧಾಕರನ ದನಿ ಎಲ್ಲಿ ಏರುತ್ತಿತ್ತೋ ಅಲ್ಲಿಯೇ ಅವಳ ದನಿಯೂ ಏರಿತು. ಎಲ್ಲಿ ಹೂಂ ಎನ್ನಬೇಕೆಂದು ನನಗೆ ಅದರಿಂದಲೇ ತಿಳಿಯುತ್ತಿತ್ತು. ಶೆಟ್ಟರು ಬಗ್ಗಿ ನೋಡುತ್ತಿದ್ದರು. ಮನ್ಮಥಪ್ಪನವರು ನೋಡುತ್ತಿದ್ದರು. ಕಾದಿದ್ದ ಮನೆಯವರೂ ಇದು ಯಾವುದೋ ದಕ್ಷಿಣದ ವಿಧಿಯೆಂದುಕೊಂಡು, ಹತ್ತಿರ ಬಂದು ಭಕ್ತಿಯಿಂದ ನಿಂತಿದ್ದರು.

ಒಂದು ಕಡೆ ಅವಳ ಬೆರಳು ನಿಂತಿತು. "ಇಲ್ಲಿಗೆ ನಿಂತದ್ರಿ," ಎಂದಳು. "ಇದರ ಮುಂದಿಂದು ಸರ್ ಬೋರ್ಡಿನ ಮ್ಯಾಲ ಬರದು ಒರಸಿದ್ರು. ನಾ ನೋಡಿಲ್ಲ."

"ಹೂಂ," ಎಂದೆ.

"ಅಣ್ಣಾ!" ಎಂದು ಗುರುಜಿ ಕೂಗಿದರು.

ತಿರುಗಿ ನೋಡಿದೆವು. ಪಿಂಡದ ಒಂದು ಮಗ್ಗುಲು ಇರಲಿಲ್ಲ. ಯಾವುದೋ ಒಂದು ಬಾಯಿ ಅದನ್ನು ಕಚ್ಚಿಕೊಂಡು ಹೋಗಿತ್ತು. ಎಲೆಯ ಮೇಲೆ ಒಂದೆರಡು ಅಗುಳು ಚೆಲ್ಲಿದ್ದವು. ಮರದ ಮೇಲೆ ಕಾಗೆಗಳು ಮೊದಲಿನಂತೆಯೇ ಕುಳಿತಿದ್ದವು.

"ಕಾವಳಾ ಶಿವಲಾ!" ಎಂದು ಗುರುಜಿ ಕೈ ಜೋಡಿಸಿದರು. "ಝಾಲಂ. ಆಯಿತು."

"ನೀವು ಕಂಡ್ರಾ?" ಎಂದರು ಶೆಟ್ಟರು.

"ಮೀ ಇಕಡೇ ಬಘತ್ ಹೋತೋ," ಎಂದರು ಗುರುಜಿ ಸ್ವಲ್ಪ ನಾಚಿಕೊಂಡು. ಅವರೂ ಹುಡುಗಿಯ ಗೆರೆಗಳನ್ನೇ ನೋಡುತ್ತಿದ್ದರಂತೆ. ಶೆಟ್ಟರು ಕಂಡಿರಲಿಲ್ಲ. ಮನ್ಮಥಪ್ಪನವರು ಕಂಡಿರಲಿಲ್ಲ. ಕಾದಿದ್ದ ಮನೆಯವರಲ್ಲಿ ಯಾರೂ ಕಂಡಿರಲಿಲ್ಲ. ಕಟ್ಟೆಯ ಕೆಳಗೆ ಒಂದು ನಾಯಿ ಮಲಗಿತ್ತು. ಅದು ಮೊದಲೇ ಅಲ್ಲಿತ್ತೋ ಆಮೇಲೆ ಬಂತೋ ಯಾರಿಗೂ ನೆನಪಾಗಲಿಲ್ಲ. ಅದು ಕಣ್ಣು ತೆರೆದು ನಮ್ಮನ್ನು ನೋಡಿ ಮತ್ತೆ ಮುಚ್ಚಿತು.

ಕಾಗೆಯೇ ಎಂದು ನಂಬಿದರೆ ಅವನ ಆಸೆ ತೀರಿತೆಂದಾಯಿತು. ನಾಯಿಯಾದರೆ ತೀರಲಿಲ್ಲ. ಸಾಲಿಗ್ರಾಮದ ಗುರುನರಸಿಂಹನನ್ನು ನೆನೆದೆ. ಸ್ವಾಮಿ, ಒಂದು ಕ್ಷಣ ನನ್ನ ತಲೆಯನ್ನು ಆ ಕಡೆ ತಿರುಗಿಸಿದ್ದರೆ ನಿನಗೆ ಏನು ನಷ್ಟವಾಗುತ್ತಿತ್ತು ಎಂದು ಕೇಳಿದೆ. ದೇವರನ್ನು ಹಾಗೆ ಕೇಳಿದ್ದು ನನ್ನ ಆಯುಷ್ಯದಲ್ಲಿ ಅದೇ ಮೊದಲು.

ಗುರುಜಿಯ ಕೈಯಿಂದ ದರ್ಭೆಯ ಕಾಗೆಯನ್ನು ತೆಗೆದುಕೊಂಡೆ. "ಆಯಿತಲ್ಲಾ ಅಣ್ಣಾ, ಇನ್ನು ಇದು ಯಾಕೆ?" ಎಂದರು. ಇರಲಿ ಎಂದೆ. ಅದರ ಕೊಕ್ಕನ್ನು ಪಿಂಡಕ್ಕೆ ಮುಟ್ಟಿಸಿದೆ. ಆಸೆಯನ್ನು ಜೋರಾಗಿ ಹೇಳಬೇಕಲ್ಲ, ಅದಕ್ಕೆ ಹೇಳಿದೆ: "ಸುಧಾಕರಾ, ನಿಂಗೆ ಎಂತ ಬೇಕಾಯಿತ್ತೋ ನಂಗೆ ಗೊತ್ತಿಲ್ಲ. ನೀ ಹೇಳುಕೆ ಹೊರಟದ್ದನ್ನ ನಾ ಕೇಂತೆ. ಈ ಹುಡುಗಿ ಹೇಳ್ತಾ ಇರ್ಲಿ, ನಾ ಕೇಂತಾ ಇರ್ತೆ. ಹೋಯ್ ಬಾ."

ಪಿಂಡವನ್ನು ಗೋದಾವರಿಗೆ ಬಿಟ್ಟೆವು. ಗೋಳಿಬಜೆಯ ಉಳಿದ ಪೊಟ್ಟಣವನ್ನು ಶೆಟ್ಟರು ಕಾದಿದ್ದ ಮನೆಯವರಿಗೆ ಕೊಟ್ಟರು. ಅವರ ಪಿಂಡವನ್ನು ಇಟ್ಟ ಕೂಡಲೇ ಒಂದು ಕಾಗೆ ಇಳಿದು ಮುಟ್ಟಿತು. ಅದನ್ನು ಮಾತ್ರ ನಾವೆಲ್ಲರೂ ಕಣ್ಣಾರೆ ಕಂಡೆವು.

ಸ್ಕೂಟರಿನ ಹತ್ತಿರ ವೇದಾವತಿಗೆ ಹೇಳಿದೆ: "ಮುಂದಿನ ರಜೆಗೆ ಓಝರಿಗೆ ಬಂದಾಗ ನಮ್ಮಲ್ಲಿಗೆ ಬಾ. ಎಲ್ಲಿಗೆ ನಿಂತಿದೆಯೋ ಅಲ್ಲಿಂದ ಹೇಳು."

"ನಿಮಗ ತಿಳಿತಿತ್ತೇನ್ರಿ, ನಾ ಹೇಳಿದ್ದು?" ಎಂದು ಕೇಳಿದಳು.

"ಇಲ್ಲ," ಎಂದೆ. "ಬೆಳಿಗ್ಗೆ ಬಾ. ಉದ್ದು ರುಬ್ಬುವ ಹೊತ್ತಿಗೆ."